ಪಾಮ್ ಸ್ಪ್ರಿಂಗ್ಸ್: ಮೊದಲು ಗಡಿಯಾರ ನೋಡಿ, ಜಾಗಗಳ ಪಟ್ಟಿ ಆಮೇಲೆ

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಕೊಚೆಲ್ಲಾ ಕಣಿವೆ ಸಿಗುತ್ತದೆ. ಪಾಮ್ ಸ್ಪ್ರಿಂಗ್ಸ್, ರ‍್ಯಾಂಚೊ ಮಿರಾಜ್, ಪಾಮ್ ಡೆಸರ್ಟ್, ಇಂಡಿಯೊ ಎಲ್ಲ ಇದೇ ಕಣಿವೆಯ ಊರುಗಳು. ಈ ಮರುಭೂಮಿಗೆ ರಜೆ ಕಳೆಯಲು ಹೊರಟ ಓದುಗರಿಂದ ಬಂದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಮೂರು ದಿನ ಪಾಮ್ ಸ್ಪ್ರಿಂಗ್ಸ್‌ಗೆ ಹೋಗಬೇಕು ಅಂತಿದ್ದೇವೆ. ಅಪ್ಪನಿಗೆ ಎಪ್ಪತ್ತು, ಮಂಡಿನೋವು ಇದೆ. ಏಳು ವರ್ಷದ ಮಗಳೂ ಇದ್ದಾಳೆ. ನೋಡಬೇಕಾದ ಜಾಗಗಳ ಪಟ್ಟಿ ಓದಿ ತಲೆ ಕೆಟ್ಟಿದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಲ್ಲಿ ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಪಾಮ್ ಸ್ಪ್ರಿಂಗ್ಸ್ ಊರು ಸ್ಯಾನ್ ಹಸಿಂಟೊ ಬೆಟ್ಟದ ಬುಡಕ್ಕೇ ಅಂಟಿಕೊಂಡಿದೆ. ಬೆಟ್ಟ ಇರುವುದು ಪಶ್ಚಿಮಕ್ಕೆ, ಎತ್ತರ 10,834 ಅಡಿ. ಹಾಗಾಗಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರು, ಮೂರೂವರೆಗೆಲ್ಲ ಸೂರ್ಯ ಬೆಟ್ಟದ ಹಿಂದೆ ಸರಿದುಬಿಡುತ್ತಾನೆ. ಇಡೀ ಊರಿನ ಮೇಲೆ ನೆರಳು ಬಿದ್ದು ಚಳಿ ಶುರುವಾಗುತ್ತದೆ. ಅದೇ ಹೊತ್ತಿಗೆ ಇಪ್ಪತ್ತು ನಿಮಿಷ ಪೂರ್ವಕ್ಕೆ ಪಾಮ್ ಡೆಸರ್ಟ್ ಕಡೆ ಹೋದರೆ ಇನ್ನೂ ಹಿತವಾದ ಬಿಸಿಲು ಇರುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಬೆಟ್ಟದ ಬದಿ, ಮಧ್ಯಾಹ್ನದ ಮೇಲೆ ಪೂರ್ವದ ಬದಿ. ಇಷ್ಟು ಪಾಲಿಸಿದರೆ ಅರ್ಧ ಗೊಂದಲ ಮುಗಿಯಿತು.

ಬಿಡಲೇಬಾರದ ಜಾಗ ಇಂಡಿಯನ್ ಕ್ಯಾನಿಯನ್ಸ್. ಇದು ಇಲ್ಲಿನ ಮೂಲನಿವಾಸಿಗಳಾದ ಅಗುವಾ ಕಲಿಯೆಂಟೆ ಕವಿಯಾ ಜನರ ನೆಲ, ಅವರೇ ನೋಡಿಕೊಳ್ಳುತ್ತಾರೆ. ಒಳಗೆ ಪಾಮ್, ಆಂಡ್ರಿಯಾಸ್, ಮರ‍್ರೆ ಅಂತ ಮೂರು ಕಮರಿಗಳಿವೆ. ನಿಮ್ಮ ತಂದೆಯವರಿಗೆ ಆಂಡ್ರಿಯಾಸ್ ಸರಿ. ಸುಮಾರು ಒಂದು ಮೈಲಿ ಸುತ್ತಿ ಬರುವ ದಾರಿ. ಪಕ್ಕದಲ್ಲೇ ತೊರೆ ಹರಿಯುತ್ತದೆ. ಇಡೀ ಸುತ್ತು ಹಾಕಲೇಬೇಕು ಅಂತೇನಿಲ್ಲ, ಮೊದಲ ಹತ್ತು ನಿಮಿಷದ ನಡಿಗೆಯಲ್ಲೇ ಬೇಕಾದಷ್ಟಿದೆ. ಅಲ್ಲಿನ ಪಾಮ್ ಮರಗಳನ್ನು ಹತ್ತಿರ ಹೋಗಿ ನೋಡಿ. ರಸ್ತೆ ಬದಿಯ ಮರಗಳ ಹಾಗೆ ಇವಕ್ಕೆ ಯಾರೂ ಗರಿ ಕತ್ತರಿಸುವುದಿಲ್ಲ. ಒಣಗಿದ ಗರಿಗಳು ಒಂದರ ಮೇಲೊಂದು ಇಳಿಬಿದ್ದು ಕಾಂಡವನ್ನೇ ಮುಚ್ಚಿರುತ್ತವೆ. ಬಾವಲಿಗಳೂ ಹಕ್ಕಿಗಳೂ ಅದರೊಳಗೆ ವಾಸ ಮಾಡುತ್ತವೆ. ಕ್ಯಾಲಿಫೋರ್ನಿಯಾದ ನೆಲದಲ್ಲಿ ತಾನಾಗಿ ಹುಟ್ಟಿದ ಪಾಮ್ ಅಂದರೆ ಇದೊಂದೇ. ದಾರಿ ಬದಿಯ ಬಂಡೆಗಳಲ್ಲಿ ನುಣ್ಣಗೆ ಸವೆದ ಒರಳುಗುಂಡಿಗಳು ಕಾಣುತ್ತವೆ. ಕವಿಯಾ ಹೆಂಗಸರು ತಲೆಮಾರುಗಳ ಕಾಲ ಅಲ್ಲೇ ಕೂತು ಕಾಳು-ಬೀಜ ಕುಟ್ಟಿದ್ದಾರೆ. ಅಮ್ಮನಿಗೆ ಅದನ್ನು ಖಂಡಿತ ತೋರಿಸಿ.

ಇನ್ನು ಟ್ರಾಮ್‌ವೇ, ಅಂದರೆ ಕೇಬಲ್ ಕಾರ್. 1963ರಿಂದ ಓಡುತ್ತಿದೆ. 2,643 ಅಡಿಯಿಂದ 8,516 ಅಡಿಗೆ ಹತ್ತೇ ನಿಮಿಷದಲ್ಲಿ ಏರುತ್ತದೆ. ಒಳಗಿನ ನೆಲ ನಿಧಾನಕ್ಕೆ ತಿರುಗುತ್ತಾ ಇರುತ್ತದೆ, ಹಾಗಾಗಿ ಕಿಟಕಿ ಜಾಗಕ್ಕೆ ನುಗ್ಗುವುದು ಬೇಡ, ಎಲ್ಲ ನೋಟವೂ ಎಲ್ಲರ ಮುಂದೆ ಬರುತ್ತದೆ. ಡಿಸೆಂಬರ್‌ನಲ್ಲಿ ಮೇಲೆ ಹಿಮ ಇರಬಹುದು. ಕೆಳಗೆ ಅರ್ಧ ತೋಳಿನ ಅಂಗಿ ಸಾಕು ಅನಿಸಿದರೂ ಸ್ವೆಟರ್, ಟೋಪಿ, ಕೈಗವಸು ಕಾರಲ್ಲೇ ಬಿಡಬೇಡಿ. ಮೇಲಿನ ನಿಲ್ದಾಣದಿಂದ ಕಾಡಿನ ನಡಿಗೆ ದಾರಿಗೆ ಇಳಿಯಲು ಕಾಂಕ್ರೀಟ್ ಹಾದಿ ಇದೆ, ಅದು ಚೆನ್ನಾಗಿ ಕಡಿದಾಗಿದೆ. ಇಳಿಯುವುದು ಸುಲಭ. ವಾಪಸ್ ಹತ್ತುವಾಗ, ಅದೂ ಗಾಳಿ ತೆಳ್ಳಗಿರುವ ಎತ್ತರದಲ್ಲಿ, ಮಂಡಿಗೂ ಉಸಿರಿಗೂ ಕಷ್ಟ. ಅಪ್ಪ ಮೇಲಿನ ಕಟ್ಟಡದಲ್ಲೇ ಬೆಚ್ಚಗೆ ಕೂತು ಕಾಫಿ ಕುಡಿಯಲಿ, ಅಲ್ಲಿಂದಲೂ ಕಣಿವೆ ಪೂರ್ತಿ ಕಾಣುತ್ತದೆ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಹೊರಡಿ. ವರ್ಷದ ಕೊನೆಯ ವಾರ ಜನ ಜಾಸ್ತಿ, ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಮಗಳಿಗಾಗಿ ಒಂದು ಮಧ್ಯಾಹ್ನ ಪಾಮ್ ಡೆಸರ್ಟ್‌ನ ಲಿವಿಂಗ್ ಡೆಸರ್ಟ್ ಮೃಗಾಲಯಕ್ಕೆ ಕೊಡಿ. ಮರುಭೂಮಿಯ ಪ್ರಾಣಿಗಳಿಗೇ ಮೀಸಲಾದ ಜಾಗ. ಮಕ್ಕಳು ಜಿರಾಫೆಗೆ ಕೈಯಾರೆ ಸೊಪ್ಪು ತಿನ್ನಿಸಬಹುದು. ಸುರುಳಿ ಕೊಂಬಿನ ಕಾಡುಕುರಿಗಳು ನಿಜವಾದ ಗುಡ್ಡದ ಮೇಲೇ ಓಡಾಡುತ್ತವೆ, ಆಟಿಕೆ ರೈಲುಗಳ ದೊಡ್ಡ ಲೋಕವೇ ಇದೆ.

ಇನ್ನೊಂದು ಮಧ್ಯಾಹ್ನ ರ‍್ಯಾಂಚೊ ಮಿರಾಜ್‌ನ ಸನ್ನಿಲ್ಯಾಂಡ್ಸ್. ಪತ್ರಿಕೋದ್ಯಮಿ ವಾಲ್ಟರ್ ಆನೆನ್‌ಬರ್ಗ್ ದಂಪತಿಯ 200 ಎಕರೆ ಎಸ್ಟೇಟ್ ಇದು. 2013ರಲ್ಲಿ ಒಬಾಮ ಮತ್ತು ಷಿ ಜಿನ್‌ಪಿಂಗ್ ಭೇಟಿಯಾಗಿದ್ದು ಇಲ್ಲೇ. ಮನೆಯ ಒಳಗೆ ಹೋಗಲು ಬಹಳ ಮೊದಲೇ ಟಿಕೆಟ್ ಮಾಡಿಸಬೇಕು. ಆದರೆ ಹೊರಗಿನ ತೋಟಕ್ಕೆ ಪ್ರವೇಶ ಉಚಿತ. ದಾರಿ ಸಮತಟ್ಟು, ಅಲ್ಲಲ್ಲಿ ಬೆಂಚು. ಮಂಡಿನೋವಿನವರಿಗೆ ಈ ಕಣಿವೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ. ವಾರವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ಅಂಗಡಿ ಬೀದಿ, ದೊಡ್ಡ ಪ್ರತಿಮೆಗಳ ಮುಂದೆ ಫೋಟೊ, ಇವನ್ನು ಬಿಟ್ಟರೂ ನಷ್ಟವಿಲ್ಲ. ಗುರುವಾರ ಸಂಜೆ ಊರಲ್ಲಿದ್ದರೆ ಮಾತ್ರ ಪಾಮ್ ಕ್ಯಾನಿಯನ್ ಡ್ರೈವ್‌ನಲ್ಲಿ ಸೇರುವ ವಿಲೇಜ್‌ಫೆಸ್ಟ್ ಬೀದಿ ಸಂತೆಗೆ ಒಂದು ಸುತ್ತು ಹೋಗಿಬನ್ನಿ.

ಪ್ರಶ್ನೆ: ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ಹೋಟೆಲ್ ದರ ತುಂಬಾ ಕಡಿಮೆ ಕಾಣಿಸುತ್ತಿದೆ. ಹೋಗಬಹುದಾ, ಅಥವಾ ಸುಮ್ನೆ ಬಿಟ್ಟುಬಿಡಲಾ?

ದರ ಕಡಿಮೆ ಇರುವುದಕ್ಕೆ ಕಾರಣ ಇದೆ. 2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ 124 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ಈ ಊರಿನ ದಾಖಲೆ. ದಿನಾ ಅಷ್ಟಿರುವುದಿಲ್ಲ, ಆದರೆ ಜುಲೈನಲ್ಲಿ 43 ಡಿಗ್ರಿ ಸೆಲ್ಸಿಯಸ್ ಅನ್ನುವುದು ಮಾಮೂಲು.

ಈಜುಕೊಳ, ನಿದ್ದೆ, ಓದು, ಇಷ್ಟೇ ಸಾಕು ಅನ್ನುವವರು ಧಾರಾಳವಾಗಿ ಹೋಗಿ. ಬೆಟ್ಟ ಹತ್ತಬೇಕು, ಕಮರಿ ಸುತ್ತಬೇಕು ಅನ್ನುವವರು ನವೆಂಬರ್‌ಗೆ ಮುಂದೂಡಿ. ಹೋಗಿದ್ದೇ ಆದರೆ ಹೊರಗಿನ ಓಡಾಟವೆಲ್ಲ ಬೆಳಗಿನ ಜಾವ ಬೆಳಕು ಹರಿದಾಗ ಶುರುವಾಗಿ ಎಂಟೂವರೆಗೆ ಮುಗಿಯಬೇಕು. ಬಿಸಿಲು ಏರುತ್ತಿದ್ದ ಹಾಗೆ ಟ್ರಾಮ್‌ವೇ ಹತ್ತಿ. ಮೇಲೆ ಪೈನ್ ಕಾಡಿನಲ್ಲಿ ಕೆಳಗಿಗಿಂತ ಹದಿನೈದು, ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ನಡೆದಾಡಲು ಇರುವ ಜಾಗ ಅದೊಂದೇ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ದುರಸ್ತಿಗೆಂದು ಅದನ್ನು ಕೆಲವು ವಾರ ಮುಚ್ಚುತ್ತಾರೆ, ಇದು ನೆನಪಿರಲಿ. ಬೇಸಿಗೆಯ ಮೂರು ತಿಂಗಳು ಇಂಡಿಯನ್ ಕ್ಯಾನಿಯನ್ಸ್ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ತೆರೆದಿರುತ್ತದೆ.

ಒಂದು ವಿಷಯ ಒತ್ತಿ ಹೇಳಬೇಕು. ಇಲ್ಲಿನ ಒಣಹವೆಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಆಗಿಂದಾಗ ಆರಿಹೋಗುತ್ತದೆ. ಮೈ ಒಣಗಿಯೇ ಇದೆ, ಏನೂ ಆಗಿಲ್ಲ ಅಂದುಕೊಂಡು ಜನ ಇನ್ನೂ ಸ್ವಲ್ಪ ದೂರ ನಡೆಯುತ್ತಾರೆ. ಅಪಾಯ ಇರುವುದೇ ಅಲ್ಲಿ. ತಂದ ನೀರಲ್ಲಿ ಅರ್ಧ ಮುಗಿದ ತಕ್ಷಣ ಎಲ್ಲಿದ್ದರೂ ಹಿಂದಿರುಗಿ. ಜೊತೆಯಲ್ಲಿದ್ದವರು ತಡವರಿಸಿ ಮಾತಾಡಲು ಶುರು ಮಾಡಿದರೆ, ಗೊಂದಲಗೊಂಡರೆ, ಅದು ಬರೀ ಸುಸ್ತಲ್ಲ. ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಮಕ್ಕಳನ್ನು ಒಂದೇ ನಿಮಿಷ ಅಂತಲೂ ಕಾರಿನಲ್ಲಿ ಬಿಡಬೇಡಿ.

ಪ್ರಶ್ನೆ: ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ಗೆ ಒಂದೇ ದಿನ ಇಟ್ಟಿದ್ದೇವೆ. ಕಳೆದ ಸಲ ಸ್ನೇಹಿತರು ಹೋಗಿ ಒಂದು ಗಂಟೆ ಸುತ್ತಿದರೂ ಜೋಶುವಾ ಮರವೇ ಕಾಣಲಿಲ್ಲ ಅಂದರು. ಹೇಗೆ ಹೋಗುವುದು ಸರಿ?

ನಿಮ್ಮ ಸ್ನೇಹಿತರು ದಕ್ಷಿಣದ ಕಾಟನ್‌ವುಡ್ ಬಾಗಿಲಿನಿಂದ ಒಳಗೆ ಹೋಗಿರಬೇಕು. ಈ ಪಾರ್ಕಿನಲ್ಲಿ ಎರಡು ಮರುಭೂಮಿಗಳು ಸೇರುತ್ತವೆ. ವಾಯವ್ಯದ ಎತ್ತರದ ಭಾಗ ಮೊಹಾವಿ, ಸುಮಾರು 3,000 ಅಡಿಗಿಂತ ಮೇಲೆ. ಜೋಶುವಾ ಮರ ಬೆಳೆಯುವುದು ಅಲ್ಲಿ ಮಾತ್ರ. ದಕ್ಷಿಣದ ತಗ್ಗಿನ ಭಾಗ ಕೊಲೊರಾಡೊ ಮರುಭೂಮಿ, ಅಲ್ಲಿ ಎಷ್ಟು ಹುಡುಕಿದರೂ ಒಂದು ಮರ ಸಿಗುವುದಿಲ್ಲ.

ಹಾಗಾಗಿ ಪಾಮ್ ಸ್ಪ್ರಿಂಗ್ಸ್‌ನಿಂದ 62ನೇ ಹೆದ್ದಾರಿ ಹಿಡಿದು ಪಶ್ಚಿಮದ ಬಾಗಿಲಿಗೆ ಬೆಳಿಗ್ಗೆ ಎಂಟರೊಳಗೆ ತಲುಪಿ. ರಜಾದಿನ ಹತ್ತು ಗಂಟೆಗೆ ಬಂದರೆ ಉದ್ದ ಸಾಲಿನಲ್ಲಿ ಕಾಯಬೇಕಾಗುತ್ತದೆ. ಮೊದಲು ಹಿಡನ್ ವ್ಯಾಲಿ. ಸುತ್ತಲೂ ಬಂಡೆಗಳ ಕೋಟೆ, ನಡುವೆ ಒಂದು ಮೈಲಿಯ ನಡಿಗೆ. ಆಮೇಲೆ ಕೀಸ್ ವ್ಯೂ. 5,000 ಅಡಿ ಎತ್ತರದ ಆ ಅಂಚಿನಲ್ಲಿ ನಿಂತರೆ ಇಡೀ ಕೊಚೆಲ್ಲಾ ಕಣಿವೆ ಕಾಲ ಕೆಳಗೆ ಕಾಣುತ್ತದೆ. ಮಧ್ಯಾಹ್ನ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ, ಯಾಕೆಂದರೆ ಪಾರ್ಕಿನೊಳಗೆ ಊಟ ಸಿಗುವುದಿಲ್ಲ. ಪೆಟ್ರೋಲ್ ಇಲ್ಲ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕುಡಿಯುವ ನೀರು ಕೂಡ ಪಾರ್ಕಿನ ಅಂಚುಗಳಲ್ಲಷ್ಟೇ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಕಾರಿನಲ್ಲಿರಲಿ.

ಊಟದ ನಂತರ ಸ್ಕಲ್ ರಾಕ್ ನೋಡಿಕೊಂಡು ದಕ್ಷಿಣಕ್ಕೆ ತಿರುಗಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಚೋಯಾ ಕ್ಯಾಕ್ಟಸ್ ಗಾರ್ಡನ್ ತಲುಪುವ ಹಾಗೆ ಲೆಕ್ಕ ಹಾಕಿ. ಇಳಿಬಿಸಿಲು ಹಿಂದಿನಿಂದ ಬಿದ್ದಾಗ ಸಾವಿರಾರು ಕಳ್ಳಿ ಗಿಡಗಳ ಮುಳ್ಳುಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಕಾಲು ಮೈಲಿಯ ಸುತ್ತು ಅಷ್ಟೇ. ಆದರೆ ಎಚ್ಚರ! ದೂರಕ್ಕೆ ಮೆತ್ತಗೆ, ಮುದ್ದಾಗಿ ಕಾಣುವ ಈ ಗಿಡದ ತುಂಡುಗಳು ಸ್ವಲ್ಪ ತಗುಲಿದರೂ ಕಳಚಿ ಮೈಗೆ ಅಂಟಿಕೊಳ್ಳುತ್ತವೆ. ಮುಳ್ಳಿನ ತುದಿ ಗಾಳದ ಹಾಗೆ ಹಿಂದಕ್ಕೆ ಬಾಗಿರುವುದರಿಂದ ಕೈಯಿಂದ ಎಳೆಯಲು ಹೋದರೆ ಕೈಗೂ ಚುಚ್ಚಿಕೊಳ್ಳುತ್ತದೆ. ಚೀಲದಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳಿ. ಚರ್ಮಕ್ಕೂ ತುಂಡಿಗೂ ನಡುವೆ ಬಾಚಣಿಗೆಯ ಹಲ್ಲು ತೂರಿಸಿ, ಮೈಯಿಂದ ಆಚೆಗೆ ಒಮ್ಮೆಲೇ ಚಿಮ್ಮಿಸಿ. ಎದುರಿಗೆ ಯಾರೂ ನಿಂತಿರಬಾರದು. ಉಳಿದ ಮುಳ್ಳನ್ನು ಚಿಮುಟದಿಂದ ತೆಗೆಯಿರಿ. ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.

ಅಲ್ಲಿಂದ ಮುಂದಕ್ಕೆ ಕಾಟನ್‌ವುಡ್ ಬಾಗಿಲಿನಿಂದ ಹೊರಬಿದ್ದರೆ ಐ-10 ಹೆದ್ದಾರಿ. ಬಂದ ದಾರಿಯನ್ನೇ ಮತ್ತೆ ತುಳಿಯುವ ಕಷ್ಟ ಇಲ್ಲ. ಅಮಾವಾಸ್ಯೆಯ ಹತ್ತಿರದ ದಿನವಾದರೆ ಹೊರಡುವ ಆತುರ ಬೇಡ. ದಾರಿ ಬದಿಯ ನಿಲುಗಡೆ ಜಾಗದಲ್ಲಿ ದೀಪ ಆರಿಸಿ ಅರ್ಧ ಗಂಟೆ ಕೂತುಬಿಡಿ, ಆಕಾಶಗಂಗೆ ಬರಿಗಣ್ಣಿಗೇ ಕಾಣುತ್ತದೆ.

ಜೋಶುವಾ ಮರಗಳಿಗೆ ಒರಗಿ, ಹತ್ತಿ ಫೋಟೊ ತೆಗೆಸಿಕೊಳ್ಳುವುದು ದಯವಿಟ್ಟು ಬೇಡ. ಬಹಳ ನಿಧಾನಕ್ಕೆ ಬೆಳೆಯುವ ಮರ ಅದು. ಪರಾಗಸ್ಪರ್ಶಕ್ಕೆ ಯಕ್ಕಾ ಪತಂಗ ಅನ್ನುವ ಪುಟ್ಟ ಜೀವವನ್ನೇ ನಂಬಿಕೊಂಡಿದೆ. ಮುರಿದ ಕೊಂಬೆ ನಮ್ಮ ಕಾಲದಲ್ಲಿ ಮತ್ತೆ ಅಷ್ಟಾಗುವುದಿಲ್ಲ.

ಪ್ರಶ್ನೆ: ಇಷ್ಟು ಒಣಗಿದ ಜಾಗದಲ್ಲಿ ಪಾಮ್ ತೋಪು, ಬಿಸಿನೀರಿನ ಬುಗ್ಗೆ ಎಲ್ಲ ಹೇಗೆ? ಅದನ್ನು ತೋರಿಸುವಂಥ ಜಾಗ ಇದೆಯಾ? ಮಗ ಹೈಸ್ಕೂಲಿನಲ್ಲಿದ್ದಾನೆ, ಭೂಗರ್ಭ ಅಂದರೆ ಆಸಕ್ತಿ.

ಬಹಳ ಒಳ್ಳೆಯ ಪ್ರಶ್ನೆ. ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಅನ್ನುವ ನೆಲದಾಳದ ಬಿರುಕು ಈ ಕಣಿವೆಯ ಈಶಾನ್ಯದ ಅಂಚಿನಲ್ಲೇ ಹಾದುಹೋಗುತ್ತದೆ. ನೆಲದ ಎರಡು ಬದಿ ಒಂದಕ್ಕೊಂದು ಉಜ್ಜಿ ಉಜ್ಜಿ ನಡುವಿನ ಕಲ್ಲು ನುಣ್ಣನೆಯ ಜೇಡಿಯಾಗಿದೆ. ಅದರೊಳಗೆ ನೀರು ಇಳಿಯುವುದಿಲ್ಲ. ಬೆಟ್ಟದಿಂದ ನೆಲದಡಿ ಹರಿದು ಬರುವ ನೀರು ಈ ಗೋಡೆಗೆ ಬಡಿದು ಮೇಲಕ್ಕೆ ಬರುತ್ತದೆ. ನೀರು ಬಂದ ಕಡೆ ಪಾಮ್ ಹುಟ್ಟುತ್ತದೆ. ಎತ್ತರದಿಂದ ನೋಡಿದರೆ ತೋಪುಗಳು ಗೆರೆ ಎಳೆದ ಹಾಗೆ ಸಾಲಾಗಿ ಕಾಣುವುದು ಅದಕ್ಕೇ. ಬಿರುಕು ಎಲ್ಲಿದೆ ಅಂತ ಮರಗಳೇ ತೋರಿಸುತ್ತವೆ.

ಇದನ್ನು ನೋಡಲು ಥೌಸಂಡ್ ಪಾಮ್ಸ್ ಓಯಸಿಸ್‌ಗೆ ಹೋಗಿ. ಅಲ್ಲಿಂದ ಮಕಾಲಮ್ ಕೊಳದವರೆಗೆ ಮರಳಿನಲ್ಲಿ ಸಮತಟ್ಟಾದ ನಡಿಗೆ. ಆಮೇಲೆ ಡೆಸರ್ಟ್ ಹಾಟ್ ಸ್ಪ್ರಿಂಗ್ಸ್ ಊರಿಗೆ ಬನ್ನಿ. ಅಲ್ಲಿ ಮಿಷನ್ ಕ್ರೀಕ್ ಬಿರುಕಿನ ಒಂದು ಬದಿ ಬಾವಿ ತೋಡಿದರೆ ಬಿಸಿನೀರು, ಇನ್ನೊಂದು ಬದಿ ತಣ್ಣೀರು. ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ಬಂದು ನೆಲೆಸಿದ ಕ್ಯಾಬಟ್ ಯೆರ್ಕ್ಸಾ ಎರಡನ್ನೂ ತೋಡಿದ್ದರು. ಹಳೇ ಮರಮುಟ್ಟು, ಸಿಕ್ಕಿದ ಸಾಮಾನು ಎಲ್ಲ ಸೇರಿಸಿ ಅವರು ಕಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಮಗನಿಗೆ ಅದನ್ನು ತೋರಿಸಿ, ಸಂಜೆ ಅಲ್ಲೇ ಯಾವುದಾದರೂ ಸ್ಪಾದಲ್ಲಿ ಬಿಸಿನೀರಿಗೆ ಇಳಿದರೆ ಪಾಠವೂ ಆಯಿತು, ಮೈಕೈ ನೋವೂ ಹೋಯಿತು.

ಪ್ರಶ್ನೆ: ಸಾಲ್ಟನ್ ಸೀ ನೋಡಲು ಹೋಗಬಹುದಾ? ನನ್ನ ಮಗನಿಗೆ ಆಸ್ತಮಾ ಇದೆ.

ಆಸ್ತಮಾ ಇದ್ದರೆ ಬೇಡ. 1905ರಲ್ಲಿ ಕೊಲೊರಾಡೊ ನದಿ ನೀರಾವರಿ ಕಾಲುವೆ ಒಡೆದು ನುಗ್ಗಿ, ಸಮುದ್ರ ಮಟ್ಟಕ್ಕಿಂತ 200 ಅಡಿಗೂ ಜಾಸ್ತಿ ಕೆಳಗಿರುವ ತಗ್ಗಿನಲ್ಲಿ ತುಂಬಿಕೊಂಡ ಕೆರೆ ಇದು. ಹೊರಹೋಗಲು ದಾರಿಯಿಲ್ಲದೆ ಉಪ್ಪು ಸಮುದ್ರಕ್ಕಿಂತ ಹೆಚ್ಚಾಗಿದೆ. ನೀರು ಹಿಂದೆ ಸರಿದಂತೆ ಬಯಲಾದ ತಳದ ಧೂಳು ಗಾಳಿಗೆ ಏಳುತ್ತದೆ, ಸುತ್ತಲಿನ ಊರುಗಳ ಮಕ್ಕಳೇ ಅದರಿಂದ ಉಸಿರಾಟದ ತೊಂದರೆ ಅನುಭವಿಸುತ್ತಿದ್ದಾರೆ.

ಅದರ ಬದಲು ಇಂಡಿಯೊ ಕಡೆಯ ಖರ್ಜೂರದ ತೋಟಗಳಿಗೆ ಹೋಗಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ಮೆಡ್ಜೂಲ್ ಅನ್ನುವ ಖರ್ಜೂರ ತಳಿಯ ಕೊಯ್ಲು ನಡೆಯುತ್ತಿರುತ್ತದೆ. ಗೊನೆಗಳಿಗೆ ಚೀಲ ಕಟ್ಟಿರುತ್ತಾರೆ, ಹಕ್ಕಿ ಮತ್ತು ಮಳೆಯಿಂದ ಕಾಪಾಡಲು. ವಸಂತದಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಮರಕ್ಕೆ ಕೈಯಿಂದಲೇ ಹಾಕಬೇಕು, ಆಮೇಲೂ ವರ್ಷದಲ್ಲಿ ಹಲವು ಸಲ ಮೇಲೇರಿ ಕೆಲಸ ಮಾಡಬೇಕು. ಆ ದುಡಿಮೆ ನೋಡಿದ ಮೇಲೆ ಹಣ್ಣಿನ ಬೆಲೆ ಹೆಚ್ಚಾಯಿತು ಅಂತ ಅನಿಸುವುದಿಲ್ಲ. 1924ರಿಂದ ಇರುವ ಶೀಲ್ಡ್ಸ್ ಡೇಟ್ ಗಾರ್ಡನ್‌ನಲ್ಲಿ ಮಗನಿಗೆ ಒಂದು ಡೇಟ್ ಶೇಕ್, ಅಂದರೆ ಖರ್ಜೂರದ ಮಿಲ್ಕ್‌ಶೇಕ್ ಕೊಡಿಸಿ. ಗ್ಲಾಸು ದೊಡ್ಡದು, ಇಬ್ಬರಿಗೆ ಒಂದು ಸಾಕು. ಏಪ್ರಿಲ್‌ನಲ್ಲಿ ಹೊರಡುವುದಾದರೆ ಮಾತ್ರ ಕೊಚೆಲ್ಲಾ ಸಂಗೀತೋತ್ಸವದ ವಾರಾಂತ್ಯಗಳು ಯಾವುವು ಅಂತ ಮೊದಲು ನೋಡಿ. ಅದು ನಡೆಯುವುದು ಇಂಡಿಯೊದಲ್ಲೇ, ಆ ದಿನಗಳಲ್ಲಿ ರೂಮೂ ಸಿಗುವುದು ಕಷ್ಟ, ರಸ್ತೆಯೂ ಖಾಲಿ ಇರುವುದಿಲ್ಲ.