ಪ್ರತಿಕ್ರಿಯೆ: ಉಬುಂಟುವಿನಿಂದ ಡಿ ಡ್ರೈವ್‌ಗೆ ಬರೆಯಲಾಗುತ್ತಿಲ್ಲ

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇದ್ದು, ಉಬುಂಟುವಿನಲ್ಲಿ ವಿಂಡೋಸ್‌ನ ಡಿ ಡ್ರೈವ್ ತೆರೆಯುತ್ತದೆ, ಆದರೆ ಕಡತ ಉಳಿಸಲು ಬಿಡುವುದಿಲ್ಲ ಎಂದರೆ ಬಹುತೇಕ ಅದು ವಿಂಡೋಸ್ ಬೇಗ ಶುರುವಾಗಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದಿಂದಾಗಿ. ಅದು ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಅರೆನಿದ್ದೆಗೆ ಜಾರಿ ಡ್ರೈವ್‌ಗಳನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿರುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ: ವಿಂಡೋಸ್‌ನಿಂದ ‘ರೀಸ್ಟಾರ್ಟ್’ ಮೂಲಕವೇ ಉಬುಂಟುವಿಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ಈ ಅರೆನಿದ್ದೆ ಇರುವುದಿಲ್ಲ. ಈಗ ಬರೆಯಲಾದರೆ ಕಾರಣ ಸಿಕ್ಕಂತೆಯೇ.

ನಂತರ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಎಡಗಡೆ ಪವರ್ ಬಟನ್‌ಗಳ ಕೊಂಡಿ ಒತ್ತಿ. ಫಾಸ್ಟ್ ಸ್ಟಾರ್ಟಪ್ ಚೌಕ ಮಸುಕಾಗಿದ್ದು ಒತ್ತಲು ಬಾರದು. ನಾನೂ ಇಲ್ಲೇ ತಡವರಿಸಿದ್ದೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಸಾಲನ್ನು ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಗುರುತು ತೆಗೆದು, ಉಳಿಸಿ, ಶಟ್ ಡೌನ್ ಮಾಡಿ.

ಆಮೇಲೂ ಬರೆಯಲಾಗದಿದ್ದರೆ ಡ್ರೈವ್‌ನಲ್ಲೇ ದೋಷ ಉಳಿದಿರಬಹುದು. ವಿಂಡೋಸ್‌ನಲ್ಲಿ ಡಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ‘ಚೆಕ್’ ಒತ್ತಿ ಸರಿಪಡಿಸಿ.

ದಯವಿಟ್ಟು ಲಿನಕ್ಸ್‌ನಿಂದ ಡ್ರೈವ್ ಅನ್ನು ಬಲವಂತವಾಗಿ ಮೌಂಟ್ ಮಾಡಬೇಡಿ (ಬಳಕೆಗೆ ಜೋಡಿಸಬೇಡಿ). ವಿಂಡೋಸ್ ಅರೆನಿದ್ದೆಯಲ್ಲಿರುವಾಗ ಹಾಗೆ ಬರೆದರೆ ಕಡತಗಳೇ ಕೆಡಬಹುದು.