ಮೂರು ಲೋಟ, ಒಂದು ಮೂಗು

ಓದುಗರ ಪತ್ರ

ಸಂಪಾದಕರೇ,
ನನಗೆ 61 ವರ್ಷ. ಶನಿವಾರ ರಾತ್ರಿ ಮನೆಯಲ್ಲೇ ಒಂದೆರಡು ಪೆಗ್ ಹಾಕುವವನು. ಅಳಿಯ ಸ್ಕಾಟ್ಲೆಂಡಿನಿಂದ ಬರುವಾಗ ಗ್ಲೆನ್‌ಫಿಡಿಕ್ 12, ಲಫ್ರೋಯ್ಗ್ 10 ಅನ್ನುವ ಎರಡು ವಿಸ್ಕಿ ತಂದುಕೊಟ್ಟ. ನಾನು ನಮ್ಮ ಬೆಂಗಳೂರಿನ ವಿಸ್ಕಿ ಒಂದು ಅಮೃತ್ ಫ್ಯೂಷನ್ ಕೊಂಡು ತಂದೆ. ಮೂರನ್ನೂ ಹೋಲಿಸಿ ನೋಡೋಣ ಅಂತ ಕೂತೆ. ಮೊದಲು ಲಫ್ರೋಯ್ಗ್ ಕುಡಿದೆ. ಆಸ್ಪತ್ರೆ ವಾಸನೆ! ಆಮೇಲೆ ಉಳಿದೆರಡರಲ್ಲೂ ಅದೇ ವಾಸನೆ. ಬರೆಯುವವರೆಲ್ಲ ಪೇರ್ ಹಣ್ಣು, ಜೇನು, ಚರ್ಮ, ಕಡಲ ಪಾಚಿ ಅಂತ ಬರೆಯುತ್ತಾರೆ. ನನಗೆ ಗಂಟಲು ಉರಿ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ನನ್ನ ನಾಲಿಗೆ ಸರಿ ಇಲ್ವಾ? ಅಮೃತ್ ಮೇಲೆ ವರ್ಷವೇ ಹಾಕಿಲ್ಲ, 12 ವರ್ಷದ್ದೇ ಮೇಲು ಅಂತಾನೆ ಅಳಿಯ. ಸ್ನೇಹಿತ ಎಲ್ಲಕ್ಕೂ ಸೋಡಾ ಸುರಿಯುತ್ತಾನೆ. ಇನ್ನೊಂದು, ಬಾಟಲಿಗಳನ್ನು ಬೀರುವಿನಲ್ಲಿ ಪುಸ್ತಕಗಳ ಹಿಂದೆ ಮಲಗಿಸಿ ಇಟ್ಟಿದ್ದೇನೆ. ಹಾಗಿಡಬಹುದೇ? ದಯವಿಟ್ಟು ಹೆಸರು ಹಾಕಬೇಡಿ. ಮನೆಯವರು ನಿಮ್ಮ ಪತ್ರಿಕೆ ಓದುತ್ತಾರೆ.
— ಹಾಸನದ ಓದುಗ

ಸಂಪಾದಕರ ಉತ್ತರ

ಹಿರಿಯರೇ,

ಹೆಸರು ಹಾಕಿಲ್ಲ. ಆದರೆ ಹಾಸನ, 61 ವರ್ಷ, ಅಳಿಯ, ಎರಡು ಬಾಟಲಿ ಇಷ್ಟು ಓದಿದ ಮೇಲೆ ನಿಮ್ಮ ಮನೆಯವರಿಗೆ ಹೆಸರು ಬೇರೆ ಬೇಕೇ? ಇರಲಿ. ಅವರಿಂದಲೇ ನಮಗೊಂದು ಸಹಾಯ ಆಗಬೇಕಿದೆ. ಮುಂದೆ ಹೇಳುತ್ತೇನೆ.

ನಿಮ್ಮ ನಾಲಿಗೆ ಸರಿಯಾಗಿದೆ. ಮೂಗು ಇನ್ನೂ ಚೆನ್ನಾಗಿದೆ. ತಪ್ಪಿದ್ದು ಸರದಿ. ಎಲೆಯ ಮುಂದೆ ಕೂತವನು ಮೊದಲು ಉಪ್ಪಿನಕಾಯಿ ರಸವನ್ನೆಲ್ಲ ನೆಕ್ಕಿ, ಆಮೇಲೆ ಕೋಸಂಬರಿಗೆ ರುಚಿಯೇ ಇಲ್ಲ ಅಂದರೆ ಹೇಗೆ? ನೀವು ಮಾಡಿದ್ದು ಅದೇ.

‘ಆಸ್ಪತ್ರೆ ವಾಸನೆ’ ಅಂತ ನೀವು ಬೈಗುಳದ ಹಾಗೆ ಬರೆದಿದ್ದೀರಿ. ಅದು ಬಹಳ ಕರಾರುವಾಕ್ಕಾದ ಮಾತು. ಲಫ್ರೋಯ್ಗ್ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಇರುವ ಐಲಾ ಎಂಬ ದ್ವೀಪದ್ದು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ನಮ್ಮ ರಾಗಿ ಮಾಲ್ಟ್‌ನ ಮಾಲ್ಟೂ ಇದೇ. ಕಾಳು ಬೇರೆ, ಅಷ್ಟೆ. ಐಲಾದವರು ಆ ಮೊಳಕೆಯನ್ನು ಒಣಗಿಸುವಾಗ ಪೀಟ್ ಉರಿಸಿ ಹೊಗೆ ಕೊಡುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಅಡಕವಾದ ಪಾಚಿ, ಹುಲ್ಲು, ಬೇರು. ಅದನ್ನು ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಆ ಹೊಗೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಅವು ಕಾಳಿಗೆ ಹತ್ತಿಕೊಂಡು ಬಾಟಲಿವರೆಗೂ ಬರುತ್ತವೆ. ಹಿಂದೆ ಆಸ್ಪತ್ರೆಗಳಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಇದೆಯಲ್ಲ, ಅದರ ಇನ್ನೊಂದು ಹೆಸರೇ ಫೀನಾಲ್. ನಿಮ್ಮ ಮೂಗು ರಸಾಯನಶಾಸ್ತ್ರದ ಪರೀಕ್ಷೆ ಪಾಸಾಗಿದೆ.

ನಿಮ್ಮ ಹತ್ತಿರ ಇರುವ ಮೂರು ಬಾಟಲಿಗಳು ಹೋಲಿಕೆಗೆ ಹೇಳಿ ಮಾಡಿಸಿದ ಹಾಗಿವೆ. ನೀವು ಬೇಕಂತಲೇ ಆರಿಸಿದ್ದೋ, ಅದೃಷ್ಟವೋ. ಗ್ಲೆನ್‌ಫಿಡಿಕ್ 12ರಲ್ಲಿ ಹೊಗೆ ಇಲ್ಲ. ಲಫ್ರೋಯ್ಗ್ ತುಂಬ ಹೊಗೆಯೇ. ಫ್ಯೂಷನ್ ಎರಡರ ನಡುವಿನದು. ಉತ್ತರ ಭಾರತದ ಬಾರ್ಲಿ ಮತ್ತು ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆ ಹಿಡಿದ ಬಾರ್ಲಿ, ಎರಡನ್ನೂ ಬೆಂಗಳೂರಿನಲ್ಲೇ ಭಟ್ಟಿ ಇಳಿಸಿ ಬೆರೆಸುತ್ತಾರೆ. ಅದಕ್ಕೇ ಆ ಹೆಸರು. ಆದ್ದರಿಂದ ಸರದಿ ಹೀಗಿರಲಿ: ಮೊದಲು ಗ್ಲೆನ್‌ಫಿಡಿಕ್, ಆಮೇಲೆ ಫ್ಯೂಷನ್, ಕೊನೆಗೆ ಲಫ್ರೋಯ್ಗ್. ಆಮೇಲೆ ಬೇಕಾದರೆ ಹಿಂದಕ್ಕೆ ಬನ್ನಿ. ಫ್ಯೂಷನ್‌ನ ಹೊಗೆ ಆಗ ಎಷ್ಟು ತೆಳುವಾಗಿ ಕಾಣುತ್ತದೆ ನೋಡಿ.

ಒಂದು ವಿಸ್ಕಿಯನ್ನು ಒಂದು ರಾತ್ರಿ ಕುಡಿದು, ಇನ್ನೊಂದನ್ನು ಮುಂದಿನ ಶನಿವಾರ ಕುಡಿದು ಹೋಲಿಸಲು ಆಗುವುದಿಲ್ಲ. ವಾಸನೆಯ ನೆನಪು ಬಹಳ ಮೋಸಗಾರ. ಪಕ್ಕಪಕ್ಕದಲ್ಲಿ ಇಟ್ಟುಕೊಂಡಾಗ ಮಾತ್ರ ಒಂದು ಲೋಟ ಇನ್ನೊಂದರ ಗುಟ್ಟು ಹೇಳುತ್ತದೆ. ಹಾಗಂತ ಮೂರು ಲಾರ್ಜ್ ಹಾಕಿಕೊಳ್ಳಬೇಡಿ. ಲೋಟಕ್ಕೆ 15 ಮಿ.ಲೀ. ಸಾಕು. ಮೂರೂ ಸೇರಿ 45. ಒಂದು ಲಾರ್ಜ್‌ಗಿಂತ ಕಮ್ಮಿ. ಅಳತೆಗೆ ಕೆಮ್ಮಿನ ಸಿರಪ್ಪಿನ ಮುಚ್ಚಳ ಬಳಸಬಹುದು, ಚೆನ್ನಾಗಿ ತೊಳೆದು. ನೀವು ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಈ 45ರ ಬಗ್ಗೆಯೂ ಡಾಕ್ಟರನ್ನೇ ಕೇಳಿ. ಆ ಪ್ರಶ್ನೆಗೆ ಸಂಪಾದಕರ ಉತ್ತರ ನಡೆಯುವುದಿಲ್ಲ.

ತೊಳೆಯುವ ಮಾತು ಬಂತಲ್ಲ, ನನ್ನ ಮಾನ ಹೋದ ಕಥೆ ಹೇಳುತ್ತೇನೆ. ಒಮ್ಮೆ ನಾಲ್ಕು ಜನ ಸ್ನೇಹಿತರ ಮುಂದೆ ಲೋಟ ಮೂಸಿ, ಕಣ್ಣು ಮುಚ್ಚಿ, “ಇದರಲ್ಲಿ ತಾಜಾ ನಿಂಬೆ ಸಿಪ್ಪೆಯ ಪರಿಮಳ ಇದೆ” ಅಂದೆ. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಅಡುಗೆಮನೆಯಿಂದ ನನ್ನ ಹೆಂಡತಿ, “ಆ ಲೋಟ ಸರಿಯಾಗಿ ಗಲಬರಿಸಿಲ್ಲ ರೀ, ಪಾತ್ರೆ ಸೋಪು ಹಂಗೇ ಇದೆ” ಅಂದಳು. ಅವತ್ತಿನಿಂದ ಬಿಸಿನೀರಲ್ಲಿ ನಾನೇ ತೊಳೆದು, ಬೋರಲು ಹಾಕಿ ಒಣಗಿಸುತ್ತೇನೆ.

ಲೋಟ ಅಂದರೆ ಸ್ಟೀಲಿನದಂತೂ ಬೇಡ. ಅಗಲ ಬಾಯಿಯ ಗಾಜಿನ ಲೋಟದಲ್ಲಿ ಪರಿಮಳ ಮೇಲೆದ್ದು ಹಾರಿಹೋಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗಾಜಿನ ಲೋಟ ಒಳ್ಳೆಯದು. ಇದಕ್ಕೆಂದೇ ಗ್ಲೆನ್‌ಕೆರ್ನ್ ಎಂಬ ಪುಟ್ಟ ಲೋಟ ಸಿಗುತ್ತದೆ. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಆದೀತು. ಮೂರೂ ಒಂದೇ ಥರದವು ಇರಬೇಕು ಅನ್ನುವುದು ಮುಖ್ಯ.

ಹೊತ್ತು ನೋಡಿಕೊಂಡು ಕೂರಿ. ದೇವರ ಮುಂದೆ ಊದುಬತ್ತಿ ಹಚ್ಚಿದ ಹೊತ್ತಿಗೆ ಬೇಡ. ಒಳಗೆ ಒಗ್ಗರಣೆ ಸಿಡಿಯುವಾಗಲೂ ಬೇಡ. ಕಾಂಗ್ರೆಸ್ ಕಡ್ಲೆಕಾಯಿ ತಟ್ಟೆ ಹೋಲಿಕೆ ಮುಗಿಯುವ ತನಕ ದೂರ ಇರಲಿ. ಖಾರ ನಾಲಿಗೆಗೆ ಹತ್ತಿದ ಮೇಲೆ ಎಲ್ಲ ವಿಸ್ಕಿಯೂ ಒಂದೇ. ನಡುನಡುವೆ ಬಾಯಿಗೆ ಬರೀ ನೀರು ಸಾಕು.

ಈಗ ಆ ಗಂಟಲು ಉರಿಯ ವಿಷಯ. ನೀವು ಬಹುಶಃ ಲೋಟದೊಳಗೆ ಮೂಗು ತೂರಿಸಿ ಜೋರಾಗಿ ಎಳೆದಿದ್ದೀರಿ. ಮೊದಲು ಬರುವುದು ಸ್ಪಿರಿಟ್ಟಿನ ಘಾಟು. ಅದು ಮೂಗನ್ನು ಮರಗಟ್ಟಿಸುತ್ತದೆ. ಲೋಟವನ್ನು ಗದ್ದದ ಹತ್ತಿರ ಹಿಡಿಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಸುಮ್ನೆ ಉಸಿರಾಡಿ. ಕುಡಿಯುವಾಗಲೂ ಗಟಗಟ ಬೇಡ. ಒಂದು ಚಮಚದಷ್ಟು ಬಾಯಲ್ಲಿ ಹಿಡಿದು, ಕಷಾಯದ ಹಾಗೆ ಅಲ್ಲ, ಪಾಯಸದ ಹಾಗೆ ನಿಧಾನ ಮಾಡಿ. ಮೊದಲ ಗುಟುಕನ್ನು ಲೆಕ್ಕಕ್ಕೆ ಇಡಬೇಡಿ. ಅದು ನಾಲಿಗೆಯನ್ನು ಎಬ್ಬಿಸಲು.

ಆಮೇಲೆ ನೀರು. “ನೀರು ಹಾಕಿದರೆ ಕೆಟ್ಟುಹೋಗುತ್ತೆ” ಅನ್ನುವವರ ಮಾತು ಕೇಳಬೇಡಿ. ವಿಸ್ಕಿ ಬೆರೆಸುವ ಕಸುಬಿನವರೇ ನೀರು ಹಾಕಿ ಮೂಸುತ್ತಾರೆ, ಎಷ್ಟೋ ಸಲ ಆಲ್ಕೋಹಾಲನ್ನು ಶೇಕಡಾ 20ರ ಆಸುಪಾಸಿಗೆ ಇಳಿಸಿ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದು: ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಎಂಬ ವಸ್ತು ಆಲ್ಕೋಹಾಲ್ ಜಾಸ್ತಿ ಇದ್ದಾಗ ಒಳಗೇ ಮುಳುಗಿರುತ್ತದೆ, ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ. ಮೇಲೆ ಬಂದದ್ದು ಮೂಗಿಗೆ ಸಿಗುತ್ತದೆ.

ನಿಮ್ಮ ಹೋಲಿಕೆಗೆ ನೀರು ಇನ್ನೊಂದು ಕಾರಣಕ್ಕೂ ಬೇಕು. ಲೇಬಲ್ ನೋಡಿ. ಆಲ್ಕೋಹಾಲ್ ಫ್ಯೂಷನ್ನಿನಲ್ಲಿ ಶೇಕಡಾ 50. ಗ್ಲೆನ್‌ಫಿಡಿಕ್ 40. ಹೀಗೇ ಕುಡಿದರೆ ನೀವು ಅಳೆಯುವುದು ಉರಿಯನ್ನು, ರುಚಿಯನ್ನಲ್ಲ. 15 ಮಿ.ಲೀ. ಫ್ಯೂಷನ್‌ಗೆ ಮುಕ್ಕಾಲು ಟೀ ಚಮಚ ನೀರು ಹಾಕಿದರೆ ಅದೂ ಹತ್ತಿರ ಹತ್ತಿರ 40ಕ್ಕೆ ಬರುತ್ತದೆ. ಆಗ ಇಬ್ಬರೂ ಒಂದೇ ತೂಕದ ಪೈಲ್ವಾನರು. ಫಿಲ್ಟರ್ ನೀರು ಹಾಕಿ. ಬೋರ್‌ವೆಲ್ ನೀರಿನ ಒಗರು, ನಲ್ಲಿ ನೀರಿನ ಕ್ಲೋರಿನ್ ಎರಡೂ ಬೇಡ.

ಇಷ್ಟೆಲ್ಲ ಮಾಡಿದರೂ ಪೇರ್ ಹಣ್ಣು ಸಿಗಲಿಲ್ಲ ಅಂದರೆ? ಸಿಗದಿದ್ದರೆ ಬಿಡಿ. ಆ ಪಟ್ಟಿಗಳನ್ನು ಬರೆದವರು ಅವರ ಅಡುಗೆಮನೆಯ ಪದ ಬಳಸಿದ್ದಾರೆ. ಹೆದರ್ ಹೂವಿನ ಜೇನು ಅಂತ ಬರೆದರೆ ನಾನು ಆ ಹೂವನ್ನೇ ನೋಡಿಲ್ಲ. ನಾವು ನಮ್ಮ ಪದ ಹುಡುಕಿಕೊಳ್ಳಬೇಕು. ಗ್ಲೆನ್‌ಫಿಡಿಕ್‌ನಲ್ಲಿ ನನಗೆ ಸಿಗುವುದು ಮರಸೇಬು. ಚಿಕ್ಕಂದಿನಲ್ಲಿ ಉಪ್ಪುಕಾರ ಹಚ್ಚಿ ತಿನ್ನುತ್ತಿದ್ದೆವಲ್ಲ, ಆ ಗಟ್ಟಿ ಹಣ್ಣು. ಪೇರ್ ಅಂದರೂ ಅದೇ ತಾನೇ! ಫ್ಯೂಷನ್‌ನಲ್ಲಿ ನನಗೆ ಆಲೆಮನೆ. ಕೊಪ್ಪರಿಗೆಯಲ್ಲಿ ಬೆಲ್ಲ ಪಾಕಕ್ಕೆ ಬರುವ ಹೊತ್ತು, ಕೆಳಗೆ ಕಬ್ಬಿನ ಸಿಪ್ಪೆ ಉರಿಯುವ ಹೊಗೆ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಹದ ಮಾಡಿದ ವಿಸ್ಕಿಗಳಲ್ಲಿ ಕೊಬ್ಬರಿ ಮಿಠಾಯಿ ಸಿಗುತ್ತದೆ. ಇದು ಕಲ್ಪನೆಯಲ್ಲ. ಆ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಅಂಶದ ವಾಸನೆಯೇ ಕೊಬ್ಬರಿಯದು. ಮರವನ್ನು ಸುಟ್ಟಾಗ ವೆನಿಲ್ಲಾ ವಾಸನೆಯೂ ಏಳುತ್ತದೆ. ಮೊದಲು ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ.

ಇಲ್ಲಿಗೆ ನಿಮ್ಮ ಮನೆಯವರ ಸಹಾಯ ಬೇಕು. ಅವರು ಕುಡಿಯಬೇಕಿಲ್ಲ, ಮೂಸಿದರೆ ಸಾಕು. ಸಾರು ಕುದಿಯುವಾಗ ದೂರದಿಂದಲೇ ಉಪ್ಪು ಕಮ್ಮಿ ಅನ್ನುವವರ ಮೂಗು ನಮ್ಮ ನಿಮ್ಮದಕ್ಕಿಂತ ಹತ್ತು ಪಾಲು ಪಳಗಿರುತ್ತದೆ. ನನ್ನ ಹೆಂಡತಿ ಒಂದು ಹನಿ ಮುಟ್ಟಿದವಳಲ್ಲ. ಲಫ್ರೋಯ್ಗ್ ಲೋಟ ಮುಂದೆ ಹಿಡಿದೆ. ಒಂದು ಕ್ಷಣ ಸುಮ್ಮನಿದ್ದು, “ಬಾಣಂತಿ ಕೋಣೆ” ಅಂದಳು. ಅಷ್ಟೇ. ಸಾಂಬ್ರಾಣಿ, ಕೆಂಡ, ಡೆಟಾಲ್, ಬಜೆ, ಎಣ್ಣೆ, ಕಾಯಿಸಿದ ನೀರು, ಎಲ್ಲ ಅದರಲ್ಲಿ ಬಂತು. ಅಷ್ಟು ವರ್ಷ ಲಫ್ರೋಯ್ಗ್ ಬಗ್ಗೆ ನಾನು ಓದಿದ ಯಾವ ವರ್ಣನೆಯೂ ಇದರ ಹತ್ತಿರ ಬರಲಿಲ್ಲ. ಈಗ ನನಗೆ ಆ ಬಾಟಲಿ ತೆರೆದಾಗಲೆಲ್ಲ ನನ್ನ ಅಕ್ಕನ ಬಾಣಂತನದ ಮಳೆಗಾಲ ನೆನಪಾಗುತ್ತದೆ.

ಅಳಿಯನ ಮಾತಿಗೆ ಬರೋಣ. 12 ಅಂದರೆ ಆ ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿ ಪೀಪಾಯಿಯಲ್ಲಿ 12 ವರ್ಷ ಇತ್ತು ಅಂತ. ಅದು ಸ್ಕಾಟ್ಲೆಂಡಿನ ತಂಪಿನಲ್ಲಿ ಕಳೆದ 12 ವರ್ಷ. ಪೀಪಾಯಿ ಉಸಿರಾಡುತ್ತದೆ, ಒಂದಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ಅವರು ದೇವತೆಗಳ ಪಾಲು ಅನ್ನುತ್ತಾರೆ. ನಾವು ದೇವರಿಗೆ ನೈವೇದ್ಯ ತೋರಿಸಿ ಪೂರ್ತಿ ನಾವೇ ತಿನ್ನುತ್ತೇವೆ. ಇಲ್ಲಿ ಮಾತ್ರ ದೇವತೆಗಳು ನಿಜವಾಗಿಯೂ ತೆಗೆದುಕೊಂಡು ಹೋಗುತ್ತಾರೆ! ಅಲ್ಲಿ ವರ್ಷಕ್ಕೆ ಶೇಕಡಾ 2ರಷ್ಟು. ಬೆಂಗಳೂರಿನಲ್ಲಿ 10ರಿಂದ 12. ಶೇಕಡಾ 10 ಅಂತಲೇ ಹಿಡಿದು ಲೆಕ್ಕ ಮಾಡಿ. 100 ಲೀಟರ್ ಇಟ್ಟರೆ 12 ವರ್ಷಕ್ಕೆ ಅಲ್ಲಿ 78 ಲೀಟರ್ ಉಳಿಯುತ್ತದೆ, ಇಲ್ಲಿ 28. ಸೆಖೆಯಲ್ಲಿ ಮರದ ಸತ್ವವೂ ಬೇಗ ಇಳಿಯುತ್ತದೆ. ಇಲ್ಲಿ ನಾಲ್ಕೈದು ವರ್ಷಕ್ಕೇ ವಿಸ್ಕಿ ಹದಕ್ಕೆ ಬರುತ್ತದೆ. ಊರಿನ ಹವೆ ಗೊತ್ತಿಲ್ಲದೆ ವಯಸ್ಸು ಮಾತ್ರ ಕೇಳಿದರೆ ಏನು ತಿಳಿಯುತ್ತದೆ? ಮಲೆನಾಡಿನ ಉಪ್ಪಿನಕಾಯಿ, ಬಳ್ಳಾರಿ ಉಪ್ಪಿನಕಾಯಿ ಒಂದೇ ದಿನ ಕಳಿಯುತ್ತವೆಯೇ?

1948ರಲ್ಲಿ ಶುರುವಾದ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಮನೆಯಲ್ಲಿ, ಮಾಲ್ಟ್ ಮಾಡಿದ ಬಾರ್ಲಿಯಿಂದಷ್ಟೇ ಇಳಿಸಿದ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಅಳಿಯನಿಗೆ ಇದನ್ನು ಹೇಳಿ. ಆಮೇಲೆ ಬ್ರಿಟನ್ನಿನ ವಿಸ್ಕಿ ವಿಮರ್ಶಕ ಜಿಮ್ ಮುರೇ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟರು. ಇದನ್ನು ಹೇಳಬೇಡಿ. ಅಂಕ ಕೊಟ್ಟಿದ್ದು ಅವರ ನಾಲಿಗೆ, ನಿಮ್ಮದಲ್ಲ. ವಾದಕ್ಕಿಂತ ಪರೀಕ್ಷೆ ಒಳ್ಳೆಯದು. ಅಳಿಯ ಮುಂದಿನ ಸಲ ಬಂದಾಗ ಮೂರು ಲೋಟದಲ್ಲಿ ಎರಡಕ್ಕೆ ಒಂದೇ ವಿಸ್ಕಿ, ಮೂರನೆಯದಕ್ಕೆ ಬೇರೆಯದು ಹಾಕಿಸಿ. ಹಾಕುವವರು ಮನೆಯವರೇ ಆಗಲಿ, ನೀವಿಬ್ಬರೂ ನೋಡಬಾರದು. ಲೋಟದ ಅಡಿಯಲ್ಲಿ ಚೀಟಿ ಅಂಟಿಸಿರಲಿ. ಬೇರೆಯದು ಯಾವುದು ಅಂತ ಹೇಳಬೇಕು, ಅಷ್ಟೆ. ಲಫ್ರೋಯ್ಗ್ ಇದಕ್ಕೆ ಬೇಡ, ಅದನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಉಳಿದ ಎರಡನ್ನು ಹಾಕಿ, ಫ್ಯೂಷನ್‌ಗೆ ಆ ಮುಕ್ಕಾಲು ಚಮಚ ನೀರು ಮರೆಯದೆ. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆದ್ದರಿಂದ ಬೇರೆ ಬೇರೆ ದಿನ ನಾಲ್ಕೈದು ಸಲ ಆಡಿ. ನಾನು ಈ ಆಟದಲ್ಲಿ ನನ್ನ ಮೆಚ್ಚಿನ, ದುಬಾರಿ ಬಾಟಲಿಯನ್ನೇ ಗುರುತಿಸದೆ ಸೋತಿದ್ದೇನೆ. ಅದಾದ ಮೇಲೆ ಅದನ್ನು ಕೊಳ್ಳುವುದನ್ನೂ ಬಿಟ್ಟೆ. ಲಾಭವೇ ಆಯಿತು.

ಸ್ನೇಹಿತರ ಸೋಡಾ? ಸುರಿದುಕೊಳ್ಳಲಿ. ಜಪಾನಿನವರು ಹೈಬಾಲ್ ಅಂತ ಎತ್ತರದ ಲೋಟದಲ್ಲಿ ಐಸು, ಸೋಡಾ ಹಾಕಿಕೊಂಡು ಅದನ್ನೊಂದು ಕಲೆಯೇ ಮಾಡಿದ್ದಾರೆ. ಸೋಡಾದಲ್ಲಿ ಲಫ್ರೋಯ್ಗ್ ಕೂಡ ಚೆನ್ನಾಗಿರುತ್ತದೆ, ಬೇಸಿಗೆಗೆ ಇನ್ನೂ ಚೆನ್ನ. ಹೋಲಿಸುವ ದಿನ ಮಾತ್ರ ಸೋಡಾ, ಐಸು ಎರಡೂ ಬೇಡ. ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ.

ಕೊನೆಗೆ ಬಾಟಲಿ ಮಲಗಿಸುವ ವಿಷಯ. ಇವತ್ತೇ ಎಬ್ಬಿಸಿ ನಿಲ್ಲಿಸಿ. ಕಾರ್ಕ್ ಒಣಗಬಾರದು ಅಂತ ವೈನ್ ಬಾಟಲಿಯನ್ನು ಮಲಗಿಸುತ್ತಾರೆ. ವಿಸ್ಕಿಯಲ್ಲಿ ಆಲ್ಕೋಹಾಲ್ ಜಾಸ್ತಿ. ಅದು ಕಾರ್ಕನ್ನೇ ತಿಂದು ಪುಡಿ ಮಾಡುತ್ತದೆ, ರುಚಿಯೂ ಕೆಡುತ್ತದೆ. ಬಿಸಿಲು ತಾಗದ ಬೀರು ಒಳ್ಳೆಯ ಜಾಗ, ಫ್ರಿಜ್ ಬೇಕಿಲ್ಲ. ಬಾಟಲಿಯೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಹಾಗಾಗಿ ಮೊಮ್ಮಗನ ಮದುವೆಗೆ ಅಂತ ಎತ್ತಿಟ್ಟರೆ 12 ಹೋಗಿ 30 ಆಗುವುದಿಲ್ಲ. ಕಾಲು ಭಾಗಕ್ಕೆ ಇಳಿದ ಬಾಟಲಿಯೊಳಗೆ ಗಾಳಿ ಜಾಸ್ತಿ, ಪರಿಮಳ ಸಪ್ಪೆಯಾಗುತ್ತ ಹೋಗುತ್ತದೆ. ಅದನ್ನು ಸಣ್ಣ ಸೀಸೆಗೆ ಬಗ್ಗಿಸಿಡಿ, ಇಲ್ಲವೇ ಕೆಲವು ತಿಂಗಳಲ್ಲಿ ಮುಗಿಸಿ.

ನಿಲ್ಲಿಸಿದರೆ ಬಾಟಲಿ ಪುಸ್ತಕಕ್ಕಿಂತ ಎತ್ತರವಾಗಿ ತಲೆ ಕಾಣುತ್ತದೆ ಅನ್ನುವುದು ನಿಮ್ಮ ಕಷ್ಟ ಇರಬೇಕು. ಎತ್ತರದ ನಿಘಂಟು, ಅಟ್ಲಾಸ್ ಇದ್ದರೆ ಅದರ ಹಿಂದೆ ಇಡಿ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳ ಹಿಂದೆ ಮಾತ್ರ ಬೇಡ. ಮನೆಯವರು ಓದುತ್ತಾರೆ ಅಂದಿರಲ್ಲ.

— ಸಂಪಾದಕ