ನಾಯಿಮರಿ ಬೇಕೆಂದವಳು ಮಗಳು, ತಂದವರು ಗಂಡ, ನಿದ್ದೆಗೆಟ್ಟವಳು ನಾನು

ಪ್ರಶ್ನೆ: ನಾವು ಮೈಸೂರಿನವರು. ನನಗೆ 36 ವರ್ಷ. ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಮನೆಯಲ್ಲಿ ಗಂಡ, 9 ವರ್ಷದ ಮಗಳು, ಅತ್ತೆ ಇದ್ದಾರೆ. ಹೋದ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ನಮ್ಮವರು ನನಗೂ ಹೇಳದೆ 45 ದಿನದ ಲ್ಯಾಬ್ರಡಾರ್ ಮರಿ ತಂದರು. ಲಡ್ಡು ಅಂತ ಹೆಸರಿಟ್ಟೆವು. ನಮ್ಮಲ್ಲಿ ಯಾರೂ ನಾಯಿ ಸಾಕಿದವರಲ್ಲ. ರಾತ್ರಿ ಯುಟಿಲಿಟಿಯಲ್ಲಿ ಬಿಟ್ಟರೆ ಬೆಳಗಿನವರೆಗೆ ಕುಂಯ್‌ಗುಟ್ಟುತ್ತದೆ. ‘ಅತ್ತು ಅತ್ತು ಸುಮ್ಮನಾಗುತ್ತೆ ಬಿಡು’ ಅಂತ ಇವರು ಮಗ್ಗುಲಾಗಿ ಮಲಗುತ್ತಾರೆ. ಹಗಲು ಕಂಡ ಕಂಡ ಮ್ಯಾಟ್ ಮೇಲೆ ಉಚ್ಚೆ. ಸಂಜೆ ಏಳರ ಹೊತ್ತಿಗೆ ಮೈಮೇಲೆ ಬಂದವರ ಹಾಗೆ ಓಡಾಡಿ ಎಲ್ಲರನ್ನೂ ಕಚ್ಚುತ್ತದೆ. ಮೊನ್ನೆ ಮಗಳ ಕೈಯಲ್ಲಿ ರಕ್ತ ಬಂತು. ಸಿಟ್ಟಿನಲ್ಲಿ ಪೇಪರ್ ಸುತ್ತಿ ಅದಕ್ಕೆ ಹೊಡೆದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಅತ್ತೆಯವರು ಮಡಿಯವರು, ದೇವರ ಮನೆ ಹತ್ತಿರ ಬಂದರೆ ಕೂಗಾಡುತ್ತಾರೆ. ಆದರೂ ಮಧ್ಯಾಹ್ನ ಯಾರೂ ನೋಡದಾಗ ಹಾಲಿನಲ್ಲಿ ಬಿಸ್ಕತ್ತು ಅದ್ದಿ ಹಾಕುತ್ತಾರೆ! ಮರಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಅನಿಸುತ್ತಿದೆ. ಹೇಳಿದರೆ ಮಗಳ ಮನಸ್ಸು ಮುರಿಯುತ್ತದೆ. ನಾನು ಕಲ್ಲು ಮನಸ್ಸಿನವಳಾ?

ಉತ್ತರ: ಮೊದಲು ಮಗಳ ಕೈ ವಿಷಯ. ಉಳಿದದ್ದೆಲ್ಲ ಆಮೇಲೆ.

ಲಡ್ಡುಗೆ ಇನ್ನೂ ಮೂರು ತಿಂಗಳಾಗಿಲ್ಲ. ಅಂದರೆ ರೇಬಿಸ್ ಲಸಿಕೆ ಆಗಿರಲಿಕ್ಕಿಲ್ಲ. ಮರಿ ಹಲ್ಲು ತಾಗಿ ರಕ್ತ ಬಂದಿದ್ದರೆ ‘ಮನೆ ಮರಿ ತಾನೆ’ ಅಂತ ಬಿಡುವ ಹಾಗಿಲ್ಲ. ಇವತ್ತೇ ಮಗಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಎರಡು ಮೂರು ದಿನ ಆಗಿಹೋಯ್ತು, ಇನ್ನೇನು ಅಂತಲೂ ಬಿಡಬೇಡಿ. ಇಂಜೆಕ್ಷನ್ ಬೇಕೋ ಬೇಡವೋ, ಎಷ್ಟು ಬೇಕು ಅನ್ನುವುದನ್ನು ಅವರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಮುಂದೆ ಯಾವಾಗ ಹಲ್ಲು ತಾಗಿ ಗಾಯವಾದರೂ ನಲ್ಲಿ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಹಾಗಾಗಿ ಇದರಲ್ಲಿ ಸಂಕೋಚ, ಉದಾಸೀನ ಎರಡೂ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಕಲ್ಲು ಮನಸ್ಸಿನವರಲ್ಲ. ಒಂದು ತಿಂಗಳಿಂದ ನಿದ್ದೆ ಇಲ್ಲದವರು. ಹೊಸದಾಗಿ ಮರಿ ತಂದವರಲ್ಲಿ ಬಹಳ ಜನಕ್ಕೆ ‘ಯಾಕಪ್ಪಾ ತಂದೆವು’ ಅನ್ನುವ ಪಶ್ಚಾತ್ತಾಪ ಬರುತ್ತದೆ. ನಾಯಿಯೆಂದರೆ ಪ್ರಾಣ ಅನ್ನುವವರಿಗೂ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೇ. ನಿಮ್ಮ ವಿಷಯದಲ್ಲಂತೂ ಮರಿಯನ್ನು ಬಯಸಿದವರೂ ನೀವಲ್ಲ, ತಂದವರೂ ನೀವಲ್ಲ. ಮನೆಯಲ್ಲಿ ಇರುತ್ತೀರಿ ಅನ್ನುವ ಒಂದೇ ಕಾರಣಕ್ಕೆ ನಾಲ್ಕು ಜನರ ಕೆಲಸ ನಿಮ್ಮ ತಲೆಗೆ ಬಂದು ಕೂತಿದೆ.

ಹಾಗಾಗಿ ನಿಮ್ಮ ಮುಂದೆ ಇರುವುದು ಎರಡು ಬೇರೆ ಬೇರೆ ಕಷ್ಟ. ಮರಿ ಕಚ್ಚುವುದು, ಉಚ್ಚೆ ಮಾಡುವುದು, ಅಳುವುದು ಒಂದು. ಸರಿಯಾಗಿ ನೋಡಿಕೊಂಡರೆ ಇದು ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಕೆಲಸವೆಲ್ಲ ನಿಮ್ಮೊಬ್ಬರ ಪಾಲಿಗೆ ಬಂದಿರುವುದು ಇನ್ನೊಂದು. ಅದು ತಾನಾಗಿ ಸರಿಹೋಗುವುದಿಲ್ಲ, ಕೂತು ಮಾತಾಡಲೇಬೇಕು. ಕೊಡುವುದೋ ಇಟ್ಟುಕೊಳ್ಳುವುದೋ ಅಂತ ಇವತ್ತು ತೀರ್ಮಾನ ಮಾಡಬೇಡಿ. ಮೊದಲು ನೀವು ನಿದ್ದೆ ಮಾಡಬೇಕು.

ನಿದ್ದೆಯಿಂದಲೇ ಶುರು ಮಾಡೋಣ. ಲಡ್ಡು ಹುಟ್ಟಿದಾಗಿನಿಂದ ಅಮ್ಮನ ಹೊಟ್ಟೆಗೆ ಒತ್ತಿಕೊಂಡು, ಅಣ್ಣತಮ್ಮಂದಿರ ಮೇಲೆ ಬಿದ್ದುಕೊಂಡು ಮಲಗಿದ ಜೀವ. ಅದನ್ನು ಕತ್ತಲೆಯ ಯುಟಿಲಿಟಿಯಲ್ಲಿ, ವಾಷಿಂಗ್ ಮಷಿನ್ ಪಕ್ಕ ಒಂಟಿಯಾಗಿ ಬಿಟ್ಟರೆ ಅಳದೆ ಇನ್ನೇನು ಮಾಡೀತು? ಅದು ಹಟವಲ್ಲ, ಭಯ. ಅತ್ತು ಅತ್ತು ಸುಮ್ಮನಾಗುತ್ತೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ದೊಡ್ಡ ರಟ್ಟಿನ ಡಬ್ಬ ತಗೊಳ್ಳಿ. ಅದರಲ್ಲಿ ನೀವು ಉಟ್ಟು ಬಿಟ್ಟ, ಒಗೆಯದ ಹಳೇ ಕಾಟನ್ ಸೀರೆ ಮಡಿಸಿ ಹಾಕಿ. ಡಬ್ಬವನ್ನು ಮಂಚದ ಪಕ್ಕ ಇಡಿ, ನಿಮ್ಮ ಕಡೆ ಅಲ್ಲ, ನಿಮ್ಮವರ ಕಡೆ. ಕೈ ಇಳಿಬಿಟ್ಟರೆ ಮರಿಗೆ ತಾಗುವಷ್ಟು ಹತ್ತಿರ ಇರಲಿ. ಅಳು ಬಹಳ ಮಟ್ಟಿಗೆ ನಿಲ್ಲುತ್ತದೆ. ದೊಡ್ಡದಾಗುತ್ತಾ ಬಂದ ಹಾಗೆ ಡಬ್ಬವನ್ನು ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆಗೆ ಸರಿಸಬಹುದು.

ಈ ವಯಸ್ಸಿನ ಮರಿಗೆ ರಾತ್ರಿಯಿಡೀ ಉಚ್ಚೆ ತಡೆಯಲು ಆಗುವುದಿಲ್ಲ. ಎಷ್ಟು ತಿಂಗಳೋ ಸುಮಾರು ಅಷ್ಟು ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಲಗಿದ್ದಾಗ ಇನ್ನೂ ಸ್ವಲ್ಪ ಜಾಸ್ತಿ ತಡೆಯಬಹುದು. ಮಧ್ಯರಾತ್ರಿ ಎದ್ದು ಒಮ್ಮೆ ತಾರಸಿಗೋ ಅಂಗಳಕ್ಕೋ ಎತ್ತಿಕೊಂಡು ಹೋಗಬೇಕು. ಮಾತು ಬೇಡ, ಆಟ ಬೇಡ, ದೊಡ್ಡ ಲೈಟ್ ಬೇಡ. ಉಚ್ಚೆ ಆಯ್ತಾ, ವಾಪಸ್ ಡಬ್ಬಕ್ಕೆ. ಈ ಕೆಲಸ ನಿಮ್ಮವರದ್ದು. ವಾರದ ಐದು ರಾತ್ರಿ ಅವರೇ ಏಳಲಿ. ಅವರಿಗೆ ಬೆಳಗ್ಗೆ ಆಫೀಸ್ ಇದೆ ಅನ್ನುತ್ತೀರೇನೋ. ನಿಮಗೂ ಇದೆ, ಅಲ್ವಾ?

ಹಗಲಿನ ಉಚ್ಚೆಗೆ ಮೊದಲ ಉಪಾಯ, ಮ್ಯಾಟ್‌ಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿ. ಕಾಲಿಗೆ ಮೆತ್ತಗೆ ಸಿಕ್ಕಿದ, ನೀರು ಹೀರುವ ಜಾಗವನ್ನೇ ಮರಿಗಳು ಹುಡುಕುತ್ತವೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ತಕ್ಷಣ ಅದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ. ಮಾಡಿದ ಮರುಕ್ಷಣ ಅಲ್ಲೇ ನಿಂತು ‘ಭೇಷ್ ಲಡ್ಡು’ ಅಂತ ಹೊಗಳಿ ಒಂದು ತುಣುಕು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತಪ್ಪು ಜಾಗದಲ್ಲಿ ಮಾಡಿದರೆ ಮೂತಿ ತಿಕ್ಕುವುದು, ಗದರುವುದು ಬೇಡ. ಗದರಿದರೆ ಅದು ಕಲಿಯುವುದು ಒಂದೇ, ನಿಮಗೆ ಕಾಣದ ಹಾಗೆ ಸೋಫಾ ಹಿಂದೆ ಹೋಗಿ ಮಾಡುವುದು. ಒರೆಸಲು ಫಿನಾಯಿಲ್ ಬೇಡ. ಮರಿ ಆ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ವಾಸನೆ ಹೋದರೆ ಅದೇ ಜಾಗಕ್ಕೆ ಮತ್ತೆ ಬರುವುದು ಕಡಿಮೆಯಾಗುತ್ತದೆ.

ಇನ್ನು ಕಚ್ಚುವುದು. ಇದರ ಬೇರು ಆ 45 ದಿನದಲ್ಲೂ ಇದೆ. ನಮ್ಮಲ್ಲಿ ಮಾರುವವರು 45 ದಿನಕ್ಕೆ ಮರಿ ಕೈಗಿಡುವುದು ರೂಢಿಯಾಗಿಬಿಟ್ಟಿದೆ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ಅದಕ್ಕೆ ಕಾರಣವಿದೆ. ಮರಿಗಳು ಒಂದಕ್ಕೊಂದು ಕಚ್ಚಾಡುತ್ತಾ ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಅಂತ ಕಲಿಯುವುದೇ ಆ ವಾರಗಳಲ್ಲಿ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಲಡ್ಡುಗೆ ಆ ಪಾಠ ಅರ್ಧಕ್ಕೇ ನಿಂತಿದೆ. ಉಳಿದದ್ದನ್ನು ನೀವು ಕಲಿಸಬೇಕು. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ, ಮಾತಿಲ್ಲದೆ ಎದ್ದು ಅರ್ಧ ನಿಮಿಷ ಆಚೆ ಹೋಗಿ. ವಾಪಸ್ ಬಂದು ಕಚ್ಚುವುದಕ್ಕೆ ಆಟಿಕೆ ಕೊಡಿ. ಮನೆಯ ಎಲ್ಲರೂ ಹೀಗೇ ಮಾಡಬೇಕು. ನೀವು ಎದ್ದು ಹೋಗಿ, ನಿಮ್ಮವರು ಕೈ ಕೊಟ್ಟು ಕುಸ್ತಿ ಆಡಿಸಿದರೆ ಅದು ಯಾರ ಮಾತು ಕೇಳಬೇಕು?

ಸಂಜೆ ಏಳರ ಕಾಟಕ್ಕೆ ಕಾರಣ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಊಹಿಸಬಲ್ಲೆ. ಈ ವಯಸ್ಸಿನ ಮರಿ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಮಾಡಬೇಕು. ಮಗಳು ನಾಲ್ಕಕ್ಕೆ ಸ್ಕೂಲಿಂದ ಬರುತ್ತಾಳೆ, ಅಕ್ಕಪಕ್ಕದ ಮಕ್ಕಳೂ ಬರುತ್ತಾರೆ, ಮಲಗಿದ ಮರಿಯನ್ನು ಎಬ್ಬಿಸಿ ಎತ್ತಿಕೊಳ್ಳುತ್ತಾರೆ. ಏಳಕ್ಕೆ ಅದು ಸುಸ್ತಾಗಿ ತಡೆಯಲಾರದೆ ಕಚ್ಚುತ್ತದೆ. ಐದೂವರೆಗೆ ಒಂದು ನಿದ್ದೆ ಕಡ್ಡಾಯ ಮಾಡಿ. ಡಬ್ಬಕ್ಕೆ ಹಾಕಿ ಕೋಣೆಯ ಬಾಗಿಲು ಮುಂದೆ ಮಾಡಿ. ಮಲಗಿದ್ದಾಗ ಮತ್ತು ತಿನ್ನುವಾಗ ಮುಟ್ಟಬಾರದು ಅನ್ನುವುದನ್ನು ಮಗಳಿಗೆ ಖಂಡಿತವಾಗಿ ಹೇಳಿ. ಹಾಲುಹಲ್ಲು ಬೀಳುವುದು ನಾಲ್ಕರಿಂದ ಆರು ತಿಂಗಳೊಳಗೆ. ಆ ಹೊತ್ತಿನಲ್ಲಿ ವಸಡು ನೋಯುತ್ತದೆ, ಕಚ್ಚಾಟ ಒಮ್ಮೆ ಜಾಸ್ತಿಯಾಗಬಹುದು. ಹಲ್ಲು ಬಂದ ಮೇಲೆ ಇಳಿಯುತ್ತದೆ. ಹೊಡೆದದ್ದಕ್ಕೆ ನೀವಾಗಲೇ ಅತ್ತಿದ್ದೀರಿ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ, ಇನ್ನು ಹೊಡೆಯಬೇಡಿ. ಹೊಡೆತ ತಿಂದ ಮರಿ ಕೈ ಕಂಡರೆ ಹೆದರುತ್ತದೆ. ಹೆದರಿದ ನಾಯಿ ದೊಡ್ಡದಾದ ಮೇಲೆ ನಿಜವಾಗಿ ಕಚ್ಚುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಹಾಲು ಬಿಸ್ಕತ್ತು. ನಿಮ್ಮ ಅತ್ತೆ ಮರಿಯ ವೈರಿಯಲ್ಲ. ಅವರನ್ನೂ ಯಾರೂ ಕೇಳಲಿಲ್ಲ, ಅದೇ ಅವರ ಸಂಕಟ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿ ಇಲ್ಲವೇ ಅಂತ ಅವರ ಜೊತೆ ವಾದಕ್ಕೆ ಇಳಿಯಬೇಡಿ. ಮಡಿ ಅವರ ಜೀವಮಾನದ ಅಭ್ಯಾಸ, ಅದಕ್ಕೆ ಮರ್ಯಾದೆ ಕೊಡಿ. ದೇವರ ಮನೆಗೂ ಅಡುಗೆ ಮನೆಗೂ ಮೊಣಕಾಲೆತ್ತರದ ಗೇಟ್ ಹಾಕಿಸಿ. ಅದು ದಾಟುವುದಿಲ್ಲ ಅನ್ನುವ ಭರವಸೆ ಸಿಕ್ಕರೆ ಅರ್ಧ ಕೂಗಾಟ ನಿಲ್ಲುತ್ತದೆ. ಹಾಲನ್ನು ಮಾತ್ರ ನಿಲ್ಲಿಸಬೇಕು. ಹಸುವಿನ ಹಾಲು ಬಹಳ ಮರಿಗಳಿಗೆ ಆಗುವುದಿಲ್ಲ, ಭೇದಿಯಾಗುತ್ತದೆ. ನಿಲ್ಲಿಸಿ ಅಂತ ಹೇಳುವ ಬದಲು ಮಧ್ಯಾಹ್ನದ ಊಟವನ್ನು ಅವರ ಕೈಗೇ ಒಪ್ಪಿಸಿ. ‘ಅತ್ತೆ, ಒಂದು ಗಂಟೆಗೆ ಈ ಬಟ್ಟಲು ನೀವೇ ಇಡಬೇಕು, ನಿಮ್ಮ ಕೈಯಲ್ಲೇ ಸರಿಯಾಗಿ ತಿನ್ನುತ್ತೆ’ ಅಂತ ಹೇಳಿ ನೋಡಿ.

ಬಟ್ಟಲಲ್ಲಿ ಏನಿರಬೇಕು? ಬರೀ ಮೊಸರನ್ನದಲ್ಲಿ ಲ್ಯಾಬ್ರಡಾರ್ ಮರಿ ಬೆಳೆಯುವುದಿಲ್ಲ. ಮನೆಯಲ್ಲಿ ಮೊಟ್ಟೆ, ಕೋಳಿ ಬೇಯಿಸುವುದಿಲ್ಲ ಅಂದರೆ ಅಂಗಡಿಯ ಪಪ್ಪಿ ಫುಡ್ ಸಾಕು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ನಮ್ಮ ಸಾರು, ಪಲ್ಯ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಯೂ ಹಾಗೆಯೇ. ಕೇಸರಿಬಾತ್ ಪ್ರಸಾದ ಅಂತ ಒಂದು ಚಮಚ ಕೊಡುವ ಮನೆಗಳಿವೆ, ಅದರಲ್ಲಿರುವ ದ್ರಾಕ್ಷಿ ಕಿಡ್ನಿ ಕೆಡಿಸಬಹುದು. ಚಾಕೊಲೇಟ್ ಕೂಡ ಬೇಡ, ಮಗಳಿಗೆ ಹೇಳಿ.

ಮಾರಿದವರು ‘ಒಂದು ಇಂಜೆಕ್ಷನ್ ಆಗಿದೆ’ ಅಂದಿರಬಹುದು. ಕಾರ್ಡ್ ತೆಗೆದು ನೋಡಿ. ಲಸಿಕೆ ಬಾಟಲಿಯ ಸ್ಟಿಕ್ಕರ್, ಪಶುವೈದ್ಯರ ಸಹಿ ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿದು ಈ ವಾರವೇ ವೆಟ್ ಹತ್ತಿರ ಹೋಗಿ. ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಲಸಿಕೆ ಇರುತ್ತದೆ, ಮೂರು ತಿಂಗಳಿಗೆ ರೇಬಿಸ್‌ದು, ಜೊತೆಗೆ ಜಂತುಹುಳದ ಔಷಧಿ. ಮರಿಗಳಿಗೆ ಜೀವಕ್ಕೇ ಅಪಾಯವಾಗುವ ವಾಂತಿ-ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಲಸಿಕೆ ಮುಗಿಯುವವರೆಗೆ ಬೀದಿಯಲ್ಲಿ ಇಳಿಸಬೇಡಿ. ವಾಂತಿ, ರಕ್ತ ಮಿಶ್ರಿತ ನಾರುವ ಭೇದಿ, ಊಟ ಮುಟ್ಟದಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಬೀದಿಗೆ ಇಳಿಸಬಾರದು ಅಂತ ಒಳಗೇ ಕೂಡಿಹಾಕಲೂ ಬೇಡಿ, ಎತ್ತಿಕೊಂಡು ಗೇಟ್ ಹತ್ತಿರ ನಿಲ್ಲಿ. ಹೂವಿನವರು, ಸ್ಕೂಟರ್, ಹೆಲ್ಮೆಟ್ ಹಾಕಿದವರು, ಕುಕ್ಕರ್ ಸೀಟಿ ಎಲ್ಲವೂ ಅದಕ್ಕೆ ಈಗಲೇ ಪರಿಚಯವಾಗಬೇಕು. ಮೂರೂವರೆ ನಾಲ್ಕು ತಿಂಗಳು ದಾಟಿದರೆ ಹೊಸದನ್ನು ಒಪ್ಪಿಕೊಳ್ಳುವುದು ಅದಕ್ಕೆ ಕಷ್ಟ.

ಈಗ ಮುಖ್ಯವಾದದ್ದು. ಈ ಭಾನುವಾರ ಮಗಳು ಆಚೆ ಇರುವಾಗ ನಿಮ್ಮವರನ್ನು ಕೂರಿಸಿ ಮಾತಾಡಿ. ಜಗಳ ಬೇಡ, ಮುಚ್ಚುಮರೆಯೂ ಬೇಡ. ‘ನನ್ನನ್ನು ಕೇಳದೆ ತಂದಿರಿ, ಅದು ನನಗೆ ನೋವಾಗಿದೆ. ನಾನೊಬ್ಬಳೇ ಇದನ್ನು ಸಾಕಲು ಆಗುವುದಿಲ್ಲ’ ಅಂತ ಇಷ್ಟೇ ಹೇಳಿ. ರಾತ್ರಿ, ಬೆಳಗಿನ ಆರು ಗಂಟೆ, ವೆಟ್ ಓಡಾಟ ಅವರದ್ದು. ಕೆಲಸದ ಹೊತ್ತಿನ ಮೂರು ನಾಲ್ಕು ಸಲ ಉಚ್ಚೆಗೆ ಕರೆದೊಯ್ಯುವುದು ನಿಮ್ಮದು. ಮಗಳು ನೀರಿನ ಬಟ್ಟಲು ತುಂಬಿಸಲಿ, ಮೈ ಬಾಚಲಿ. ‘ಮಗು ಜವಾಬ್ದಾರಿ ಕಲಿಯುತ್ತೆ’ ಅನ್ನುವುದನ್ನು ಮಾತ್ರ ನಂಬಿಕೊಂಡು ಕೂರಬೇಡಿ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಸುಮಾರು 30 ಕೆಜಿ ತೂಗುತ್ತದೆ. ಅವಳು ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೋದಾಗಲೂ ಲಡ್ಡು ನಿಮ್ಮ ಜೊತೆ ಇರುತ್ತದೆ. ಆರು ತಿಂಗಳ ನಂತರ ಹರೆಯದ ತುಂಟತನ ಬೇರೆ ಶುರುವಾಗುತ್ತದೆ, ಅದು ಒಂದೂವರೆ ವರ್ಷದವರೆಗೂ ಇರಬಹುದು. ಈ ಲೆಕ್ಕವನ್ನೂ ಅವರ ಮುಂದೆ ಇಡಿ.

ಹೀಗೆ ಹಂಚಿಕೊಂಡು ಒಂದು ತಿಂಗಳು ನೋಡಿ. ನಿದ್ದೆ ಬಂದು, ಸಿಟ್ಟು ಇಳಿದು, ಲಡ್ಡು ಬಾಲ ಆಡಿಸಿದಾಗ ಖುಷಿ ಅನಿಸಿದರೆ ಇಟ್ಟುಕೊಳ್ಳಿ. ನಿಮ್ಮವರು ನಾಲ್ಕು ದಿನ ಎದ್ದು ಐದನೇ ದಿನ ಮತ್ತೆ ಮಗ್ಗುಲಾದರೆ, ಅಥವಾ ಎಲ್ಲ ಸರಿಯಿದ್ದರೂ ನಿಮಗೆ ಬೇಡ ಅನಿಸಿದರೆ, ಒಳ್ಳೆಯ ಮನೆಗೆ ಕೊಡುವುದರಲ್ಲಿ ತಪ್ಪಿಲ್ಲ. ಕೊಡುವುದಾದರೆ ವರ್ಷಗಟ್ಟಲೆ ತಳ್ಳಬೇಡಿ, ಚಿಕ್ಕದಿದ್ದಾಗ ಹೊಸ ಮನೆಗೆ ಬೇಗ ಹೊಂದಿಕೊಳ್ಳುತ್ತದೆ. ಎಲ್ಲೋ ಬಿಟ್ಟು ಬರುವ ಯೋಚನೆ ಯಾರಿಗೂ ಬರಬಾರದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ನಿಮ್ಮ ವೆಟ್‌ಗೆ ಹೇಳಿಡಿ. ಲ್ಯಾಬ್ರಡಾರ್ ಸಾಕಿ ಕಳೆದುಕೊಂಡ ಮನೆಗಳು ಅವರಿಗೆ ಗೊತ್ತಿರುತ್ತವೆ. ಆ ಮನೆಗೆ ನೀವೇ ಹೋಗಿ ನೋಡಿ ಬನ್ನಿ, ಲಸಿಕೆ ಕಾರ್ಡ್ ಜೊತೆಗೆ ಕೊಡಿ, ಬೆಲೆ ಕೇಳಬೇಡಿ.

ಆಗ ಮಗಳಿಗೆ ‘ಲಡ್ಡು ಊರಿಗೆ ಹೋಗಿದೆ’ ಅಂತ ಸುಳ್ಳು ಹೇಳಬೇಡಿ. ಹೇಳಬೇಕಾದವರು ಅವಳ ಅಪ್ಪ, ನೀವಲ್ಲ. ‘ಯೋಚನೆ ಮಾಡದೆ ತಂದೆ, ಅಮ್ಮನನ್ನು ಕೇಳಬೇಕಿತ್ತು’ ಅಂತ ಅವರೇ ಹೇಳಲಿ. ಅವಳು ಅಳುತ್ತಾಳೆ, ಅಳಲಿ. ಒಪ್ಪಿದರೆ ಹೊಸ ಮನೆಗೆ ಬಿಟ್ಟು ಬರಲು ಅವಳನ್ನೂ ಕರೆದುಕೊಂಡು ಹೋಗಿ.